ಕುದಿಸಿದ ನೀರು

ಆಗಸ್ಟ್ ೧೯, ಮಧ್ಯಾಹ್ನ

ಅಕ್ಕಾ,

ನಿನಗೂ ಭಾವನಿಗೂ ಇಲ್ಲಿಂದಲೇ ನಮಸ್ಕಾರ. ಭಾವನ ಬೆನ್ನುನೋವು ಈಗ ಹೇಗಿದೆ? ನಿನ್ನ ಎರಡು ಪತ್ರಗಳೂ ಬಂದು ಕಿಟಕಿಯಲ್ಲಿ ಕೂತಿವೆ. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈಯುವುದೇ ಆದರೆ ಪೂರ್ತಿ ಓದಿದ ಮೇಲೆ ಬೈ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಅರ್ಧದಲ್ಲೇ ಎದೆ ಹಿಡಿದುಕೊಳ್ಳುತ್ತೀ. ಮಗು ಬದುಕಿದೆ. ಈಗ ನನ್ನ ಪಕ್ಕದಲ್ಲೇ ಮಲಗಿ ಇಡೀ ಮುಷ್ಟಿಯನ್ನು ಬಾಯಿಗೆ ತುರುಕಿಕೊಳ್ಳಲು ನೋಡುತ್ತಿದ್ದಾಳೆ. ನಾನು ಒಂದು ಸಾಲು ಬರೆಯುವುದು, ಅವಳ ತುಟಿ ನೋಡುವುದು, ಮತ್ತೆ ಬರೆಯುವುದು. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಜ್ವರ ಬಂದು ನನ್ನ ಎದೆಹಾಲು ನಿಂತುಹೋದದ್ದು ನಿನಗೆ ಗೊತ್ತು. ಡಬ್ಬಿಯ ಹಾಲುಪುಡಿ ಶುರು ಮಾಡಿದೆವು. ನಮ್ಮ ಬಾವಿ ಜೋಳದ ಹೊಲಕ್ಕೆ ಅಂಟಿಕೊಂಡೇ ಇದೆಯಲ್ಲ, ನೀನೂ ನೋಡಿದ್ದೀ, ತಳದ ಕಲ್ಲು ಕಾಣುವಷ್ಟು ತಿಳಿನೀರು. ಆದರೂ ಕುದಿಸದೆ ಒಂದು ಹನಿ ಕೊಟ್ಟವಳಲ್ಲ ನಾನು. ಅಮ್ಮ ನಮ್ಮಿಬ್ಬರಿಗೂ ಕಲಿಸಿದ್ದು ಅದೇ ತಾನೆ. ಮಳೆಗಾಲವೆಂದು ಇನ್ನಷ್ಟು ಎಚ್ಚರ. ಪಾತ್ರೆ ಅರ್ಧಕ್ಕೆ ಇಳಿಯುವ ತನಕ ಒಲೆ ಬಿಟ್ಟು ಅಲುಗುತ್ತಿರಲಿಲ್ಲ.

ಇವರಿಗೆ ಈ ಸಲವೂ ಜೋಳದ್ದೇ ಚಿಂತೆ. ಮೊಣಕಾಲೆತ್ತರ ಬಂದ ಪೈರು ಹಳದಿಗೆ ತಿರುಗಿತು. "ಅದಕ್ಕೆ ಹೊಟ್ಟೆಗೆ ಸಾಲ್ತಿಲ್ಲ ಕಣೇ" ಎಂದು ಯೂರಿಯಾ ಎರಚಿದರು. ಅಂದೇ ಸಂಜೆ ಮಳೆ ಹೊಡೆಯಿತು. ನಮ್ಮದು ಮರಳು ಮಣ್ಣು, ಜರಡಿಗೆ ನೀರು ಹೊಯ್ದ ಹಾಗೆ. ಹಾಕಿದ್ದೆಲ್ಲ ಕೊಚ್ಚಿಹೋಯಿತೆಂದು ಮತ್ತೆ ಹಾಕಿದರು. ಮತ್ತೆ ಮಳೆ, ಮತ್ತೆ ಗೊಬ್ಬರ. ಕೊನೆಗೆ ಪೈರು ಎಂಥ ಹಸಿರಾಯಿತೆಂದರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಕೊಚ್ಚಿಹೋದದ್ದು ಎಲ್ಲಿಗೆ ಹೋಯಿತೆಂದು ನಾವು ಯಾರೂ ಕೇಳಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸಿ ಟವೆಲಿನಲ್ಲಿ ಸುತ್ತಿದೆ. ಬಾಯಿಯ ಸುತ್ತ ಬೂದಿ ಬಣ್ಣ. ಅತ್ತೆ, "ಚಳಿಗೆ ಹಾಗಾಗುತ್ತೆ, ಬೆಚ್ಚಗೆ ಹೊದಿಸು" ಎಂದರು. ಹೊದಿಸಿದೆ. ಮೈ ಬೆಚ್ಚಗಾಯಿತು, ಬಣ್ಣ ತಿರುಗಲಿಲ್ಲ. ಬೆಳಕಿಗೆ ತಂದು ನೋಡಿದರೆ ಉಗುರುಗಳೂ ನೇರಳೆ. ಅಳುತ್ತಿದ್ದರೆ ನನಗೆ ಧೈರ್ಯವಿರುತ್ತಿತ್ತು. ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಸಣ್ಣಗೆ ಏದುಸಿರು ಬಿಡುತ್ತ ಮಲಗಿದ್ದಳು. ಹೊಲದಲ್ಲಿದ್ದ ಇವರನ್ನು ಕೂಗಿದೆ, ಕೇಳಿಸಲಿಲ್ಲ. ಅತ್ತೆಯೇ ಓಡಿಹೋಗಿ ಕರೆತಂದರು. ಮೆಟ್ಟಿಲು ಹತ್ತಲೂ ಯಾರಾದರೂ ಕೈ ಹಿಡಿಯಬೇಕು ಎನ್ನುವ ಅತ್ತೆ, ಅಕ್ಕಾ, ಓಡಿದರು.

ಹಾಲಿನ ವ್ಯಾನಿನವನು ಕ್ಯಾನುಗಳನ್ನು ರಸ್ತೆಬದಿಯಲ್ಲೇ ಇಳಿಸಿ ನಮ್ಮನ್ನು ಹತ್ತಿಸಿಕೊಂಡ. ದಾರಿಯುದ್ದಕ್ಕೂ ಇವರದು ಒಂದೇ ಪ್ರಶ್ನೆ, "ಉಸಿರಾಡ್ತಿದಾಳಾ?" ನಾನು "ಹೂಂ" ಎನ್ನುವುದು. ಒಂದು ಸಲ ನನ್ನ ಹೂಂ ಸ್ವಲ್ಪ ತಡವಾಯಿತು. ಇವರು ಕಣ್ಣು ಮುಚ್ಚಿಕೊಂಡುಬಿಟ್ಟರು. ಆಮೇಲೆ ಕೇಳುವುದನ್ನೇ ನಿಲ್ಲಿಸಿದರು.

ದೊಡ್ಡಾಸ್ಪತ್ರೆಯಲ್ಲಿ ಮುಖಕ್ಕೆ ಆಕ್ಸಿಜನ್ ಹಿಡಿದರು. ಅದರಿಂದಲೂ ಬಣ್ಣ ಬದಲಾಗಲಿಲ್ಲ. ಮಕ್ಕಳ ಡಾಕ್ಟರು, ನಮ್ಮ ಚಿಕ್ಕಮ್ಮನ ವಯಸ್ಸಿನ ಹೆಂಗಸು, ರಕ್ತ ತೆಗೆದರು. ಅದು ಕೆಂಪಗಿರಲಿಲ್ಲ, ಅಕ್ಕಾ. ಚಾಕೊಲೇಟಿನ ಹಾಗೆ ಕಂದು. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಗಾಳಿ ತಾಗಿ ಕೆಂಪಾದೀತೇ ಎಂದು ಕಾದರು. ಆಗಲಿಲ್ಲ.

"ಹಾಲು ಯಾವ ನೀರಲ್ಲಿ ಕಲಸ್ತೀಯಮ್ಮಾ?"

"ಬಾವಿ ನೀರು. ಆದ್ರೆ ಕುದಿಸ್ತೀನಿ ಡಾಕ್ಟ್ರೇ, ಅರ್ಧಕ್ಕೆ ಇಳಿಯೋ ತನಕ."

"ಬಾವಿ ಪಕ್ಕ ಏನು ಬೆಳೀತೀರಿ?"

ಜೋಳ ಎಂದು ಇವರು ಹೇಳಿದರು. ಗೊಬ್ಬರ ಯಾವುದು, ಯಾವಾಗ ಎಂದು ಡಾಕ್ಟರು ಕೇಳಿದಂತೆ ಒಂದೊಂದಾಗಿ ಹೇಳಿದರು. ಹೇಳುತ್ತ ಹೇಳುತ್ತಲೇ ಇವರ ಮುಖ ಬಿಳಿಚಿಕೊಂಡಿತು.

ಗಿಡ ತಿನ್ನದೆ ಉಳಿದ ಗೊಬ್ಬರ ಮಣ್ಣಿನಲ್ಲಿ ನೈಟ್ರೇಟ್ ಆಗಿ, ಮಳೆನೀರಿನ ಜೊತೆ ಬಾವಿಗೆ ಇಳಿಯುತ್ತದಂತೆ. ಬಣ್ಣವಿಲ್ಲ, ವಾಸನೆಯಿಲ್ಲ. ಅದೇ ನೀರು ಕುಡಿದ ನಮಗೆ ಏನೂ ತಿಳಿಯುವುದಿಲ್ಲ. ಎಳೆಗೂಸಿನ ರಕ್ತ ಮಾತ್ರ ಉಸಿರನ್ನು ಹೊರಲಾರದೆ ಸೋಲುತ್ತದಂತೆ. "ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಇದು ಹೋಗಲ್ಲ. ನೀರು ಆವಿಯಾದಷ್ಟೂ ಇದು ಗಟ್ಟಿಯಾಗುತ್ತೆ" ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನು ಒಲೆಯ ಮುಂದೆ ನಿಂತು, ಜೋಪಾನವಾಗಿ, ವಿಷ ಬತ್ತಿಸಿ ಕುಡಿಸಿದ್ದೆ.

ಆಮೇಲೆ ಕಡುನೀಲಿ ಮದ್ದೊಂದನ್ನು ನರಕ್ಕೆ ಏರಿಸಲು ತಂದರು. ಅತ್ತೆ ನರ್ಸಿನ ಕೈ ಹಿಡಿದು, "ನೀಲಿಗಟ್ಟಿದ ಕೂಸಿಗೆ ಇನ್ನೂ ನೀಲಿ ಹಾಕ್ತೀಯೇನಮ್ಮಾ" ಎಂದು ಅಡ್ಡ ನಿಂತುಬಿಟ್ಟರು. ಅವರನ್ನು ಸರಿಸಿ ಕೊಡಬೇಕಾಯಿತು. ನೋಡುತ್ತಿದ್ದಂತೆ ಕೆಳತುಟಿಗೆ ಬಣ್ಣ ಬಂತು, ಆಮೇಲೆ ಕೆನ್ನೆಗೆ. ಆಮೇಲೆ ಅತ್ತಳು. ಆ ಅಳು ಕೇಳಿ ಇವರು ಗೋಡೆಗೆ ಒರಗಿದವರು ಹಾಗೇ ಕುಸಿದು ಕೂತರು. ಮಾರನೇ ದಿನ ಅವಳ ಉಚ್ಚೆ ಹಸಿರಾಗಿ ಬಂದಾಗ ನಾನು ಕಿರುಚಿಕೊಂಡೆ. ಮದ್ದಿನ ಬಣ್ಣ ಇಳಿಯುತ್ತಿದೆ ಅಷ್ಟೇ ಎಂದಳು ನರ್ಸು. "ನಿಮ್ಮಪ್ಪನ ಜೋಳಕ್ಕಿಂತ ಹಸಿರು ಕಣೇ" ಎಂದು ಅತ್ತೆ ಕೂಸಿಗೆ ಹೇಳಿದರು. ಎಲ್ಲರೂ ನಕ್ಕೆವು. ಇವರು ನಗಲಿಲ್ಲ.

ಬಾವಿಯ ನೀರನ್ನು ಪರೀಕ್ಷೆ ಮಾಡಿಸಿದೆವು. ಡಾಕ್ಟರ ಮಾತು ನಿಜ. ಈಗ ಕುಡಿಯುವ ನೀರು ದೂರದ ನಲ್ಲಿಯಿಂದ ಬರುತ್ತದೆ. ಬಾವಿಯ ಸುತ್ತಲಿನ ಜೋಳ ಕಿತ್ತು ಅಲಸಂದೆ ಬಿತ್ತಿದ್ದಾರೆ. ಅದು ತನಗೆ ಬೇಕಾದ ಸಾರವನ್ನು ಬೇರಿನ ಗಂಟುಗಳಲ್ಲಿ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ, ಮೇಲಿಂದ ಹಾಕಬೇಕಿಲ್ಲ. ಉಳಿದ ಹೊಲಕ್ಕೆ ಮುಗಿಲು ನೋಡಿ, ಬುಡಕ್ಕೆ ಮಾತ್ರ, ಸ್ವಲ್ಪ ಸ್ವಲ್ಪವೇ ಗೊಬ್ಬರ. ಇಷ್ಟೆಲ್ಲ ಮಾಡುವ ಮನುಷ್ಯ ಮಗುವನ್ನು ಮಾತ್ರ ಎತ್ತಿಕೊಳ್ಳುವುದಿಲ್ಲ. ಕೈ ತೊಳೆಯುತ್ತಾರೆ, ತೊಟ್ಟಿಲ ತನಕ ಬರುತ್ತಾರೆ, ಮತ್ತೆ ಹೋಗಿ ತೊಳೆಯುತ್ತಾರೆ.

ನನಗೂ ಹೆದರಿಕೆ ಹೋಗಿಲ್ಲ. ಲೋಟದಲ್ಲಿ ತಿಳಿಯಾದ ನೀರು ಕಂಡರೆ ಎತ್ತಿ ಬೆಳಕಿಗೆ ಹಿಡಿದು ನೋಡುತ್ತೇನೆ, ಕಾಣುವಂಥದ್ದಲ್ಲವೆಂದು ಗೊತ್ತಿದ್ದೂ. ಕೊಳಕನ್ನಾದರೆ ಸೋಸಬಹುದು.

ನಿನ್ನ ಮಕ್ಕಳಿಬ್ಬರಿಗೂ ಈ ಚಿಕ್ಕಮ್ಮನ ಆಶೀರ್ವಾದ. ಚೆನ್ನಾಗಿ ಉಂಡು, ಚೆನ್ನಾಗಿ ಜಗಳವಾಡಿಕೊಂಡಿರಲಿ. ನನ್ನ ಕೂಸಿಗೆ ನಿನ್ನ ಹರಕೆ ಇರಲಿ.

ನಿನ್ನ
ಮೊಂಡಿ

ಮರೆತ ಮಾತಲ್ಲ, ಬರೆಯಲಾಗದೆ ಬಿಟ್ಟದ್ದು: ಬಾವಿ ಬಳಸುವ ಮನೆಗಳಿಗೆಲ್ಲ ಹೋಗಿ ವಿಷಯ ಹೇಳಿದೆ. ಹಿಂದಿನ ಮನೆಯ ಹೊಲಿಗೆಯವಳಿಗೆ ಮಾತ್ರ ಅರ್ಧ ಹೇಳಿದೆ. ಹೋದ ಮಳೆಗಾಲದಲ್ಲಿ ಅವಳಿಗೊಂದು ಹೆಣ್ಣು ಕೂಸು ಹುಟ್ಟಿತ್ತು. ಡಬ್ಬಿ ಹಾಲು, ನಮ್ಮ ಬಾವಿಯ ನೀರು. ಆ ವರ್ಷವೂ ಇವರು ಜೋಳಕ್ಕೆ ಹೀಗೇ ಯೂರಿಯಾ ಎರಚಿದ್ದರು. ತುಟಿ ಕಪ್ಪಾಗಿ, ಆಸ್ಪತ್ರೆ ಮುಟ್ಟುವ ಮೊದಲೇ ಹೋಯಿತು. ಹೃದಯದಲ್ಲಿ ತೊಂದರೆ ಇತ್ತೇನೋ ಎಂದರು, ಮಣ್ಣು ಮಾಡಿ ಬಂದೆವು. ಮೊನ್ನೆ ನಾನು "ಬಾವಿ ಕೆಟ್ಟಿದೆ, ಕುಡೀಬೇಡ" ಎಂದಷ್ಟೇ ಹೇಳಿ ನಿಂತೆ. ಅವಳು ನನ್ನ ಮಗುವನ್ನು ಎತ್ತಿಕೊಂಡು, "ನಿಮ್ದು ಗಟ್ಟಿ ಕೂಸು, ಹೆದರಬೇಡಿ. ನನ್ನ ರಕ್ತದಲ್ಲೇ ಏನೋ ದೋಷ. ಅದಕ್ಕೇ ಇನ್ನೊಂದು ಬೇಡ ಅಂತ ನಮ್ಮನೆಯವರಿಗೆ ಹೇಳ್ಬಿಟ್ಟೆ" ಎಂದು ನನಗೇ ಸಮಾಧಾನ ಹೇಳಿದಳು.

ನಾಳೆ ಅವಳ ಮನೆಗೆ ಹೋಗುತ್ತೇನೆ. ಈ ಪತ್ರ ನಿನ್ನ ಕೈ ಸೇರುವಷ್ಟರಲ್ಲಿ ಅವಳಿಗೆ ಗೊತ್ತಾಗಿರುತ್ತದೆ. ಇನ್ನು ಹಿಂದೆ ಸರಿಯಲು ಆಗಬಾರದೆಂದೇ ನಿನಗೆ ಮೊದಲು ಬರೆದೆ.