ಮೂವರು ಹೊನ್ನರು

ಫೆಬ್ರುವರಿ 3, ಸೋಮವಾರ

ಮತ್ತೆ ನಾರ್ವೆ. ಹಳೆಯ ಚರ್ಚ್ ರಿಜಿಸ್ಟರಿನ ಫೋಟೊ ನೋಡಿ ಹೆಸರು ಟೈಪ್ ಮಾಡುವುದು. ಶಿರಸಿಯ ಈ ಡೇಟಾ ಎಂಟ್ರಿ ಸೆಂಟರಿಗೆ ಸೇರಿ ಎಂಟು ತಿಂಗಳು — ಆ ದೇಶದ ಸತ್ತವರೆಲ್ಲ ಈಗ ನನ್ನ ಪರಿಚಯದವರು. ಇವತ್ತು ಲಾರ್ಸ್ ಹೌಗೆನ್, ಲಾರ್ಸ್ ಬಾಕೆನ್, ಲಾರ್ಸ್ ಡಾಲೆನ್. ಹುಟ್ಟಿದ ತಾರೀಕು ಒಂದೇ. ಒಬ್ಬನೇ ಇರಬಹುದೇ ಎಂದು ಸೂಪರ್‌ವೈಸರ್ ತುಷಾರನನ್ನು ಕೇಳಿದೆ. ಅಡ್ಡಹೆಸರು ಬೇರೆಯಾದರೆ ವ್ಯಕ್ತಿಯೂ ಬೇರೆ, ರೂಲ್ಸ್ ಓದು ಎಂದ. ಈ ತಿಂಗಳು ನನ್ನದು ಆಗಲೇ ಮೂರು ಎರರ್. ನಾಲ್ಕಾದರೆ ಮನೆಗೆ. 'ಬೇರೆ ವ್ಯಕ್ತಿ' ಒತ್ತಿದೆ. ಮೂರು ಸಲ.

ಫೆಬ್ರುವರಿ 6, ಗುರುವಾರ

ರಜೆ ಹಾಕಿ ಅಜ್ಜಿಯನ್ನು ಸಿದ್ದಾಪುರದ ತಾಲೂಕು ಕಚೇರಿಗೆ ವಿಚಾರಣೆಗೆ ಕರೆದೊಯ್ದೆ. ನಮ್ಮ ಮನೆ, ಗದ್ದೆ ಎರಡೂ ಇರುವುದು ಅರಣ್ಯದ ಜಾಗದಲ್ಲಿ. ಅಜ್ಜನ ಕಾಲದಿಂದ ಈ ಊರಿನಲ್ಲೇ ಇದ್ದೇವೆಂದು ತೋರಿಸದಿದ್ದರೆ ಬಿಟ್ಟು ಏಳಬೇಕು. ಇರುವುದು ಅಜ್ಜನ ಹೆಸರಿನ ಮೂರು ಕಾಗದ. ಮತದಾರರ ಪಟ್ಟಿಯಲ್ಲಿ ಹೊನ್ನ ಕೆರೆಮೂಲೆ. ಅರಣ್ಯದವರ ದಂಡದ ರಸೀದಿಯಲ್ಲಿ ಹೊನ್ನ ಜಡ್ಡಿ. ರೇಷನ್ ಕಾರ್ಡಿನಲ್ಲಿ ಹೊನ್ನ ಮಾವಿನಕುಳಿ. ಮೂವರು ಬೇರೆ ಬೇರೆ ಎಂದರು ಸಾಹೇಬರು.

ಗಂಡನ ಹೆಸರು ಹೇಳಿ ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ ಬಾಯಿ ಬಿಡಲಿಲ್ಲ. ಹೆಂಗಸರು ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ ಎಂದೆ. ಅವರೇ ಹೇಳಬೇಕಂತೆ. ಫೈಲಿನಲ್ಲಿ ಬರೆದದ್ದನ್ನು ತಲೆಕೆಳಗಾಗಿಯೇ ಓದಿದೆ: ಗಂಡನ ಹೆಸರು ತಿಳಿಸಲಿಲ್ಲ. ಮುಂದಿನ ಗುರುವಾರ ಕೊನೆಯ ವಿಚಾರಣೆ.

ಬಸ್ಸಿನಲ್ಲಿ ನೆನಪಾಯಿತು: ಸೋಮವಾರ ಲಾರ್ಸನಿಗೆ ನಾನು ಮಾಡಿದ್ದೂ ಇದೇ.

ಫೆಬ್ರುವರಿ 8, ಊಟದ ಬಿಡುವು

ಊಟ ಬಿಟ್ಟು ನಾರ್ವೆಯ ಹೆಸರುಗಳ ಬಗ್ಗೆ ಓದಿದೆ. ಹೌಗೆನ್ ಅಂದರೆ ದಿಬ್ಬ. ಬಾಕೆನ್, ಏರು. ಡಾಲೆನ್, ಕಣಿವೆ. ಎಲ್ಲ ಜಮೀನಿನ ಹೆಸರು! ಆ ಕಾಲಕ್ಕೆ ಬೇರೆ ಜಮೀನಿಗೆ ಹೋದರೆ ಅಡ್ಡಹೆಸರೂ ಬದಲು. ಕೆರೆಮೂಲೆ, ಜಡ್ಡಿ, ಮಾವಿನಕುಳಿ — ಅಜ್ಜನದೂ ಹಾಗೇ, ಒಂದೇ ಊರಿನ ಮೂರು ಮೂಲೆ. ಇದು ಹೊಳೆಯಲು ನನಗೆ ನಾರ್ವೆ ಬೇಕಾಯಿತು.

ಅಲ್ಲಿ ಹೆಂಡತಿಯ ಹೆಸರು ಮಾತ್ರ ಬದಲಾಗದು; ಎಲ್ಲಿ ಹೋದರೂ ಅವಳು ತನ್ನ ಅಪ್ಪನ ಮಗಳೇ. ಮಾರಿತ್ ಓಲ್ಸ್‌ದಾತ್ತರ್, ಅಂದರೆ ಓಲೆ ಎಂಬವನ ಮಗಳು ಮಾರಿತ್. ಮೂವರು ಲಾರ್ಸರಿಗೂ ಇವಳೇ ಹೆಂಡತಿ.

ಸಂಜೆ

ಟ್ರಂಕಿನಿಂದ ಕಾಗದ ತೆಗೆದೆ. ಮತದಾರರ ಪಟ್ಟಿಯಲ್ಲಿ 'ಚೌಡಮ್ಮ ಕೋಂ ಹೊನ್ನ' — ಹೊನ್ನನ ಹೆಂಡತಿ, ನಮ್ಮ ಅಜ್ಜಿ. ರೇಷನ್ ಕಾರ್ಡಿನಲ್ಲೂ ಚೌಡಮ್ಮ. ರಸೀದಿಯ ಹಿಂದೆ ಹೆಬ್ಬೆಟ್ಟು, ಪಕ್ಕದಲ್ಲಿ ಚೌಡಮ್ಮ. ಅಂದು ದಂಡ ಕಟ್ಟಲು ಹೋದವಳು ಅಜ್ಜಿಯೇ. ಗುರುವಾರ ಒಮ್ಮೆ ಅಜ್ಜನ ಹೆಸರು ಹೇಳು ಎಂದು ಕೇಳಿಕೊಂಡೆ. "ಅದೊಂದ್ ಹೇಳ್ಸಬ್ಯಾಡ, ಅನೂ," ಎಂದು ಒಳಗೆ ಹೋದಳು. ಮೊದಲು ಸಿಟ್ಟು ಬಂತು. ಆಮೇಲೆ ಅಳು.

ಫೆಬ್ರುವರಿ 13, ಗುರುವಾರ

ಮೂರು ಕಾಗದದಲ್ಲೂ ಅಜ್ಜಿಯ ಹೆಸರು ತೋರಿಸಿದೆ. ಚೌಡಮ್ಮ ಅನ್ನುವವರು ಊರಿಗೆ ಹತ್ತು ಜನ ಎಂದರು ಸಾಹೇಬರು. ಅಜ್ಜಿಯ ಕಡೆ ತಿರುಗಿದರು.

"ಈ ಮೂವರಲ್ಲಿ ನಿಮ್ಮ ಗಂಡ ಯಾರು?"

ಅಜ್ಜಿ ಸೆರಗು ಬಾಯಿಗೆ ಹಿಡಿದಳು. ಸಾಹೇಬರು ಪೆನ್ನಿನ ಕ್ಯಾಪ್ ತೆಗೆದರು. ಮುಗಿಯಿತು ಅಂದುಕೊಂಡೆ.

"ಹೊನ್ನ," ಎಂದಳು. ಅವಳ ಬಾಯಲ್ಲಿ ಆ ಹೆಸರು ಕೇಳಿದ್ದು ಇದೇ ಮೊದಲು. "ಮೂರೂ ಅವ್ರೇ. ಮನೆ ಬದ್ಲಾತು. ಮೂರೂ ಮನೇಲಿ ಅನ್ನ ಬೇಯ್ಸಿದ್ದು ನಾನೇ."

ಸಾಹೇಬರು ಹಳೆಯ ಸಾಲಿಗೆ ಗೀಟು ಹೊಡೆದು ಕೆಳಗೆ ಬರೆದರು: ಒಬ್ಬನೇ ವ್ಯಕ್ತಿ. ಹೊರಗೆ ಬಂದವಳೇ ಅಜ್ಜಿ ನಲ್ಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿದಳು.

ಫೆಬ್ರುವರಿ 14, ಬೆಳಿಗ್ಗೆ 9.40

ಸೆಂಟರಿನಲ್ಲಿ ಒಬ್ಬಳೇ. ಲಾರ್ಸರ ಮೂರು ಸಾಲು ತೆರೆದು ಕೂತಿದ್ದೇನೆ. ಮಾರಿತ್, ಮಾರಿತ್, ಮಾರಿತ್. ಕೂಡಿಸಿದರೆ ರೂಲ್ಸಿನ ಪ್ರಕಾರ ನಾಲ್ಕನೇ ಎರರ್. ಕೆಲಸ ಹೋದರೆ ಮನೆಯಲ್ಲಿ ಏನು ಹೇಳಲಿ... ಕೆಳಗೆ ತುಷಾರನ ಬೈಕ್. ಹೌಗೆನ್, ಬಾಕೆನ್ ಕೂಡಿಸಿ 'ಒಬ್ಬನೇ ವ್ಯಕ್ತಿ' ಒತ್ತಿದೆ. ಡಾಲೆನ್ ಬಾಕಿ. ಅವನು ಮೆಟ್ಟಿಲು ಹತ್ತುತ್ತಿದ್ದಾನೆ —