ಹಲ್ಲುಕೋಳಿಯ ನಡಿಗೆ

ಮಂಗಳವಾರ, ನವೆಂಬರ್ ೧೪

ಪ್ರೀತಿಯ ಅಕ್ಕ,

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದೇನೆ, ಎಷ್ಟು ಬೈದರೂ ಸರಿಯೇ. ಭಾವನ ಕೆಮ್ಮು ಕಡಿಮೆಯಾಯಿತೇ? ಮೂರು ಸಲ ನಿನಗೆ ಫೋನ್ ಹಚ್ಚಿ, ನೀನು ಎತ್ತುವ ಮೊದಲೇ ಇಟ್ಟುಬಿಟ್ಟೆ. ನನ್ನ ದನಿ ಕೇಳಿದರೆ ಅರ್ಧ ವಿಷಯ ನಿನಗೆ ಗೊತ್ತಾಗಿಬಿಡುತ್ತದೆ, ಉಳಿದರ್ಧ ನೀನೇ ಊಹಿಸಿಕೊಂಡು ಅಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. 

ಮೃಗಾಲಯ ಕಟ್ಟುವ ಕಂಪ್ಯೂಟರ್ ಆಟಕ್ಕೆ ನಾನು ಪ್ರಾಣಿ ಮಾಡಿ ಹಾಕುವುದು ನಿನಗೆ ಗೊತ್ತು. "ನಲವತ್ತಾದ್ಮೇಲೆ ಗೊಂಬೆಯಾಟ" ಎಂದು ನೀನು ನಗುತ್ತೀಯಲ್ಲ, ಅದೇ. ಆಡುವವರು ಅವನ್ನು ಪುಕ್ಕಟೆಯಾಗಿ ಇಳಿಸಿಕೊಂಡು ತಮ್ಮ ಮೃಗಾಲಯದಲ್ಲಿ ಬಿಟ್ಟುಕೊಳ್ಳುತ್ತಾರೆ. ಈ ಸಲ ಒಂದು ಪುಟ್ಟ ಡೈನೋಸಾರ್ ಮಾಡಿದೆ. ಗಾತ್ರ ಕೋಳಿಯಷ್ಟೇ. ಕೈಗೂ ಕಾಲಿಗೂ ಗರಿ, ಉದ್ದನೆಯ ಬಾಲ, ಬಾಯಿ ತುಂಬ ಹಲ್ಲು. ನನ್ನವಳು ನೋಡಿದ ದಿನವೇ ಅದಕ್ಕೆ ಹಲ್ಲುಕೋಳಿ ಎಂದು ಹೆಸರಿಟ್ಟಳು.

ಎಲ್ಲ ಆಯಿತು, ನಡಿಗೆಯೊಂದು ಕೂಡಲಿಲ್ಲ. ಕೋಳಿಯ ವಿಡಿಯೋ ನೋಡಿ ಮಾಡಿದರೆ ಬಾಲದ ಭಾರಕ್ಕೆ ಹೊಂದುತ್ತಿರಲಿಲ್ಲ. ನನ್ನ ಗೊಣಗಾಟ ಕೇಳಿ ಕೇಳಿ ಇವಳಿಗೆ ಸಾಕಾಯಿತು. "ನಾನೇ ನಡೆದು ತೋರಿಸ್ತೀನಿ, ಬಿಡ್ರೀ" ಎಂದಳು. ಅವಳು ಪರದೆ ಹೊಲಿಯುವ ಅಂಗಡಿಯಿಂದ ಒಂದು ಪರದೆ ಕೋಲು ತಂದು ಸೊಂಟದ ಹಿಂದೆ ಬಾಲವಾಗಿ ಕಟ್ಟಿಕೊಂಡಳು. ನಾನು ಅವಳ ಮಂಡಿಗೂ ಹಿಮ್ಮಡಿಗೂ ಕಪ್ಪು ಟೇಪಿನ ಚುಕ್ಕಿ ಅಂಟಿಸಿದೆ, ಹಜಾರದಲ್ಲಿ ಸೀಮೆಸುಣ್ಣದ ಗೆರೆ ಎಳೆದೆ. ತುದಿಗಾಲಲ್ಲಿ ಕತ್ತು ಮುಂದೆ ಚಾಚಿ ನಡೆದಳು ನೋಡು, ಎದುರು ಮನೆಯವರು ಬಾಗಿಲು ತೆರೆದವರು ಹಾಗೇ ಮುಚ್ಚಿಕೊಂಡರು! ಇದು ಏಪ್ರಿಲಿನ ಮಾತು. ಆಮೇಲೆ ನಾಲ್ಕು ತಿಂಗಳು ಆ ವಿಡಿಯೋ ನಿಲ್ಲಿಸಿ ನಿಲ್ಲಿಸಿ, ಒಂದೊಂದು ಚುಕ್ಕಿಯನ್ನೂ ನೋಡಿ, ಇವಳ ಹೆಜ್ಜೆಯನ್ನು ಹಲ್ಲುಕೋಳಿಯ ಕಾಲಿಗೆ ಇಳಿಸಿದೆ.

ಪ್ರಾಣಿಯನ್ನು ಕಳೆದ ತಿಂಗಳು ಬಿಡುಗಡೆ ಮಾಡಿದೆ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಆಡುವವರಲ್ಲಿ ಒಬ್ಬರು ದನದ ಡಾಕ್ಟರು, ಹೆಂಗಸು. ಅವರು ಮಾತ್ರ ಬೇರೆಯೇ ಬರೆದರು: "ಬಲಗಾಲಿನ ಬೆರಳು ಪ್ರತಿ ಹೆಜ್ಜೆಗೂ ನೆಲ ಗೀರುತ್ತಿದೆ. ಅದನ್ನು ತಪ್ಪಿಸಲು ಮಂಡಿಯನ್ನು ಜಾಸ್ತಿ ಎತ್ತುತ್ತಿದೆ. ನರಕ್ಕೆ ಪೆಟ್ಟಾದ ಪ್ರಾಣಿ ಹೀಗೆ ನಡೆಯುತ್ತದೆ. ನೀವು ಯಾವುದನ್ನು ನೋಡಿ ಮಾಡಿದಿರಿ?"

ನನಗೆ ಪಿತ್ತ ನೆತ್ತಿಗೇರಿತು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ, ಒಂದು ಕೂದಲೆಳೆಯೂ ತಪ್ಪಿಲ್ಲ ಎಂದು ಉತ್ತರ ಬರೆದೆ. ಅವರ ಬಾಯಿ ಮುಚ್ಚಿಸೋಣ ಎಂದು ಮೂಲ ವಿಡಿಯೋ ತೆಗೆದೆ.

ಅಕ್ಕ, ಕೂದಲೆಳೆಯೂ ತಪ್ಪಿರಲಿಲ್ಲ. ಬೆರಳು ಗೀರುತ್ತಿದ್ದುದು ಇವಳದು.

ನಾಲ್ಕು ತಿಂಗಳು ದಿನಾ ಆ ಕಾಲನ್ನೇ ನೋಡಿದ್ದೇನೆ, ಎಷ್ಟು ಡಿಗ್ರಿ ಬಾಗುತ್ತದೆಂದು ಬಾಯಿಪಾಠ ಹೇಳಬಲ್ಲೆ. ಒಮ್ಮೆಯೂ ಅದು ನನ್ನ ಹೆಂಡತಿಯ ಕಾಲು ಎಂದು ಅನ್ನಿಸಲಿಲ್ಲ. ಎದ್ದು ಒಳಗೆ ಹೋದೆ. ಹೊಲಿಗೆ ಯಂತ್ರದ ಪೆಡಲನ್ನು ಎಡಕ್ಕೆ ಸರಿಸಿಕೊಂಡು ಎಡಗಾಲಲ್ಲಿ ಒತ್ತುತ್ತಿದ್ದಳು. ಅದು ಎಂದಿನಿಂದ ಎಡಕ್ಕಿದೆ ಎಂಬುದೂ ನನಗೆ ಗೊತ್ತಿಲ್ಲ. "ಎದ್ದು ಸ್ವಲ್ಪ ನಡಿ" ಎಂದೆ. ನನ್ನ ಮುಖ ನೋಡಿದಳು, ಎದ್ದು ಬಾಗಿಲ ತನಕ ನಡೆದಳು. ಚಪ್ಪಲಿ ಅಲ್ಲೇ ಜಾರಿ ಉಳಿಯಿತು. ಅದು ಜಾರಿದ್ದೇ ಅವಳಿಗೆ ತಿಳಿಯಲಿಲ್ಲ, ಅಕ್ಕ.

ಆಸ್ಪತ್ರೆಯಲ್ಲಿ ಕಾಲು ಏಪ್ರಿಲಿನಿಂದಲೇ ಹೀಗಿದೆ ಎಂದೆ, ಸ್ಕ್ಯಾನ್ ಮಾಡಿದರು. ಬೆನ್ನುಹುರಿಗೆ ಒತ್ತಿಕೊಂಡು ಒಂದು ಗಂಟು ಬೆಳೆದಿದೆ. ಗುರುವಾರ ಬೆಳಿಗ್ಗೆ ಆಪರೇಷನ್. ಡಾಕ್ಟರು ನಿಷ್ಠುರದವರು. "ಗಂಟು ತೆಗೀತೀವಿ. ಏಪ್ರಿಲಲ್ಲೇ ಬಂದಿದ್ರೆ ಕಾಲಿನ ಬಗ್ಗೆನೂ ಧೈರ್ಯ ಹೇಳ್ತಿದ್ದೆ. ಈಗ ಹೇಳಕ್ಕಾಗಲ್ಲ" ಎಂದರು. ಹೊರಗೆ ಬಂದವನೇ ಮೆಟ್ಟಿಲ ಮೇಲೆ ಜನರೆದುರೇ ಇವಳ ಮೇಲೆ ರೇಗಿದೆ: "ಏಳು ತಿಂಗಳು! ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ? ನಾನೇನು ಸತ್ತುಹೋಗಿದ್ನಾ?" ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

ಮನೆಗೆ ಬಂದ ಮೇಲೆ ಅವಳು ಆಡಿದ್ದು ಒಂದೇ ಮಾತು. "ಆ ಹಲ್ಲುಕೋಳಿ ಕಾಲು ಸರಿ ಮಾಡ್ರೀ. ಅದಾದ್ರೂ ನೆಟ್ಟಗೆ ನಡೀಲಿ." ದನದ ಡಾಕ್ಟರಮ್ಮನಿಗೆ ಕ್ಷಮೆ ಕೇಳಿ ಬರೆದೆ. ಕಾಲು ಮಾತ್ರ ಇನ್ನೂ ಸರಿ ಮಾಡಿಲ್ಲ, ಕೈ ಬರುತ್ತಿಲ್ಲ.

ನಾಳೆ ಸಂಜೆಯೊಳಗೆ ಬಂದುಬಿಡು. "ಅತ್ತಿಗೇರಿಗೆ ಸುಮ್ನೆ ಯಾಕೆ ತೊಂದ್ರೆ" ಎನ್ನುತ್ತಾಳೆ, ಆದರೆ ನಿನಗೆಂದು ಹಾಸಿಗೆಯ ಹೊದಿಕೆ ಬದಲಿಸಿ ಇಟ್ಟಿದ್ದಾಳೆ. ಈ ಪತ್ರವನ್ನು ನಿಮ್ಮ ಕಡೆ ಹೊರಟ ನಮ್ಮ ಪ್ರೆಸ್ಸಿನ ಡ್ರೈವರ್ ಕೈಲಿ ಕೊಡುತ್ತಿದ್ದೇನೆ, ಇವತ್ತೇ ಮುಟ್ಟುತ್ತದೆ. ಭಾವನಿಗೆ ನಮಸ್ಕಾರ, ಮಕ್ಕಳು ಚೆನ್ನಾಗಿರಲಿ. ನಿನ್ನ ಆಶೀರ್ವಾದ ನನಗೆ ಬೇಡ, ಅಷ್ಟನ್ನೂ ಇವಳಿಗೇ ಮಾಡು.

ನಿನ್ನ ತಮ್ಮ,
ಮೊಂಡ

ತಾ.ಕ.: ಮೇಲಿನದೆಲ್ಲ ಬರೆದ ಮೇಲೆ, ಏನಾದರಾಗಲಿ ಕಾಲು ಸರಿ ಮಾಡಿಬಿಡೋಣ ಎಂದು ವಿಡಿಯೋ ಹಚ್ಚಿದೆ. ಕೆಲಸ ಮಾಡುವಾಗ ಗಮನ ತಪ್ಪುತ್ತದೆಂದು ನಾನು ಯಾವಾಗಲೂ ಶಬ್ದ ಆರಿಸಿಡುತ್ತಿದ್ದೆ. ಇವತ್ತು ಮರೆತೆ. ಮೂರನೆಯ ಸಲ ನಡೆದು ಬಂದು ಇವಳು ಗೋಡೆ ಹಿಡಿದು ನಿಲ್ಲುತ್ತಾಳೆ. "ರೀ, ಬಲಗಾಲು ಎತ್ತಿದ್ರೂ ಏಳ್ತಿಲ್ಲ. ಯಾಕೋ ಭಯ ಆಗ್ತಿದೆ" ಎನ್ನುತ್ತಾಳೆ. ಆಮೇಲೆ ನನ್ನ ದನಿ. "ನೆಪ ಹೇಳ್ಬೇಡ, ಬೆಳಕು ಹೋಗ್ತಾ ಇದೆ, ನಡಿ." ಅದಾದ ಮೇಲೆ ಅವಳು ಇನ್ನೂ ಎಂಟು ಸಲ ನಡೆದಿದ್ದಾಳೆ, ಅಕ್ಕ.