ಕನ್ನಡಕ ಒರೆಸಿಕೊಟ್ಟವನು

ಹೆಂಗಸರ ಹಾಸ್ಟೆಲ್, ಮೂರನೇ ಮಹಡಿ
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕನಿಗೆ,

ಪ್ರೆಸ್ಸಿನಲ್ಲಿ ಕರಡು ತಿದ್ದುವವಳ ಅಕ್ಷರವೇ ಕಾಗೆಕಾಲು ಗುಬ್ಬಿಕಾಲು ಆಗಿದೆ ಎಂದು ನಗಬೇಡ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ನಿನ್ನ ಕಾಗದ ಕೈಸೇರಿತು. ಹೇಳದೆ ಕೇಳದೆ ಗಂಡನ ಮನೆ ಬಿಟ್ಟೆಯಲ್ಲ, ಒಡಹುಟ್ಟಿದವಳಿಗೆ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದ್ದೀಯ. ಭಾನುವಾರ ನೀನೇ ಬಂದು ನನ್ನನ್ನು ವಾಪಸು ಬಿಟ್ಟುಬರುತ್ತೀಯಂತೆ. ಅದಕ್ಕೂ ಮೊದಲು ನಮ್ಮ ಧಾರಾವಾಹಿಯ ವಿಷಯ ಸ್ವಲ್ಪ ಮಾತಾಡೋಣ.

ಆಸ್ಪತ್ರೆಯ ಲಾಂಡ್ರಿಯಲ್ಲಿ ನಿನಗೆ ಸಂಜೆ ಪಾಳಿ ಬಿದ್ದಾಗಿನಿಂದ ದಿನಾ ಫೋನಿನಲ್ಲಿ ಹಿಂದಿನ ದಿನದ ಕಂತು ಹೇಳುತ್ತಿದ್ದವಳು ನಾನೇ ತಾನೇ? ನೀನು ಅದನ್ನು ನಿನ್ನ ಪಾಳಿಯ ಹೆಂಗಸರಿಗೆ ಹೇಳಿ, ಇಸ್ತ್ರಿ ಮೇಜಿನ ಸುತ್ತ ಎಲ್ಲರೂ ಪಂಚಾಯಿತಿ ಮಾಡುತ್ತಿದ್ದಿರಿ. ಹೆಂಡತಿ ಕೆಲಸಕ್ಕೆ ಹೋಗಬಾರದೆಂದು ಅವನು ಅವಳ ಕನ್ನಡಕವನ್ನೇ ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋದ ಕಂತು ನೆನಪಿದೆಯಾ? ಅವಳು ಗೋಡೆ ಹಿಡಿದುಕೊಂಡು ಓಡಾಡಿದಳು, ಹಾಲು ಇಳಿಸಲು ಹೋಗಿ ಕೈ ಸುಟ್ಟುಕೊಂಡಳು. ಸಂಜೆ ಬಂದು ಅವನೇ ಅಂಗಿಯ ಅಂಚಿನಿಂದ ಕನ್ನಡಕ ಒರೆಸಿ ಅವಳ ಮೂಗಿನ ಮೇಲಿಟ್ಟ. ನೀನು, ‘ಅಯ್ಯೋ, ಒರೆಸಿಕೊಟ್ನಲ್ಲೇ! ಎಷ್ಟು ಪ್ರೀತಿ ನೋಡು. ಅವನು ಕೆಟ್ಟವನಲ್ಲ ಕಣೇ, ಒಳಗೆ ಏನೋ ನೋವಿದೆ’ ಅಂದೆ. ಇಂಥ ಪಾತ್ರ ಬರೆಯೋಕೆ ತಲೆ ಬೇಕು ಅಂತ ಬೇರೆ ಹೊಗಳಿದೆ.

ಆಮೇಲೊಂದು ದಿನ, ಅವಳು ಮನೆ ಬಿಡಲಾ ಅಂತ ಯೋಚಿಸುತ್ತಿದ್ದಾಳೆ ಎಂದೆ. ನಿನ್ನ ಉತ್ತರಕ್ಕೆ ಕಾದೆ. ‘ಬಿಟ್ಟು ಹೋದ್ರೆ ಕಥೇಲಿ ಮಜಾ ಏನಿರುತ್ತೆ? ಸಹಿಸ್ಕೊಳ್ಲಿ, ಅವನು ಬದಲಾಗ್ತಾನೆ’ ಅಂದುಬಿಟ್ಟೆ. ಇಸ್ತ್ರಿ ಮೇಜಿನವರದ್ದೂ ಅದೇ ತೀರ್ಪಂತೆ. ನಿಮ್ಮ ಮಾತು ಕೇಳಿಕೊಂಡು ಅವಳು ಇನ್ನೂ ಎರಡು ತಿಂಗಳು ಅಲ್ಲೇ ಇದ್ದಳು. ನಿಮ್ಮ ಮಜಾಕ್ಕೆ ಬೆಂಕಿ ಬೀಳಲಿ!

ನೇರವಾಗಿ ಹೇಳುವ ಧೈರ್ಯ ನನಗಿರಲಿಲ್ಲ; ಅದು ನನ್ನ ತಪ್ಪೇ. ಆದರೆ ಹೇಳಲೇ ಇಲ್ಲ ಎಂದು ಮಾತ್ರ ಅನ್ನಬೇಡ. ಭಾನುವಾರ ಬರುವುದಾದರೆ ಬಾ, ಊಟ ಮಾಡಿಕೊಂಡು ಹೋಗು. ನನ್ನನ್ನು ಕರೆದೊಯ್ಯಲು ಬರಬೇಡ.

ಇಂತಿ ನಿನ್ನ ತಂಗಿ,
ಪುಟ್ಟಿ

ತಾ.ಕ.: ಆ ಧಾರಾವಾಹಿ ಮುಗಿದು ಐದು ತಿಂಗಳಾಯಿತು. ಅದರಲ್ಲಿ ಯಾರೂ ಕನ್ನಡಕ ಹಾಕುತ್ತಿರಲಿಲ್ಲ. ನಾನು ಮನೆ ಬಿಟ್ಟ ದಿನವೂ ನನ್ನದು ನಮ್ಮವರ ಜೇಬಿನಲ್ಲಿತ್ತು; ಇನ್ನೂ ಅಲ್ಲೇ ಇದೆ.